ವೈಫೈ ಪಾಸ್‌ವರ್ಡ್ ಮನೇಲಿ ಯಾರಿಗೂ ನೆನಪಿಲ್ಲ, ಫೋನಲ್ಲಿ ಮಾತ್ರ ಕನೆಕ್ಟ್ ಇದೆ, ಫೋನಿಂದ ತೆಗೆಯೋಕೆ ಆಗುತ್ತಾ?

ನಿಟ್ಟೂರು ಕಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು, ನಿಟ್ಟೂರಿಂದ ಇನ್ನೂ ಒಳಗೆ ಹೋಗ್ಬೇಕು. ಮನೆ ಹತ್ರ ಯಾವ ಸಿಮ್ಮಿಗೂ ಸರಿಯಾಗಿ ಸಿಗ್ನಲ್ ಇಲ್ಲ, ಇರೋದೊಂದೇ ಫೈಬರ್ ವೈಫೈ, ಫೋನಲ್ಲಿ ಮಾತಾಡೋದೂ ವೈಫೈ ಕಾಲಿಂಗಲ್ಲೇ. ಈಗ ಅಡಿಕೆ ಕೊಯ್ಲು ಶುರುವಾಗಿದೆ, ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಹರವಿರ್ತೀವಿ, ರಾತ್ರಿ ಹೊತ್ತು ನಿಗಾ ಇರ್ಲಿ ಅಂತ ಯಜಮಾನ್ರು ಒಂದು ವೈಫೈ ಕ್ಯಾಮೆರಾ ತಂದಿದ್ದಾರೆ. ಅದರ ಆಪ್ ಓಪನ್ ಮಾಡಿದ್ರೆ ಮೊದಲಿಗೇ ವೈಫೈ ಪಾಸ್‌ವರ್ಡ್ ಹಾಕಿ ಅನ್ನುತ್ತೆ, ಅದು ಯಾರಿಗೂ ಗೊತ್ತಿಲ್ಲ. ಲೈನ್ ಹಾಕ್ಸಿದಾಗ ಭಾವನ ಮಗ ಬಂದಿದ್ದ, ವೈಫೈ ರೂಟರ್ ಡಬ್ಬಿ ಜೊತೆ ಬಂದಿದ್ದ ಪಾಸ್‌ವರ್ಡ್ ತೆಗೆದು ಬೇರೆ ಇಟ್ಟು ಎಲ್ಲರ ಫೋನಿಗೂ ಅವನೇ ಹಾಕಿಕೊಟ್ಟು ಹೋದ, ಆಮೇಲೆ ಎಲ್ಲಾ ತನ್ನಷ್ಟಕ್ಕೆ ಕನೆಕ್ಟ್ ಆಗ್ತಾ ಇರೋದ್ರಿಂದ ಯಾರೂ ಅದನ್ನ ಕೇಳೋ ಪ್ರಮೇಯನೇ ಬರ್ಲಿಲ್ಲ. ಈಗ ಫೋನ್ ಮಾಡಿ ಕೇಳಿದ್ರೆ ನಂಗೂ ನೆನಪಿಲ್ಲ ಚಿಕ್ಕಮ್ಮ ಅಂತಾನೆ.

ನನ್ನ ಹತ್ರ ಇರೋದು ರೆಡ್ಮಿ, ಆಂಡ್ರಾಯ್ಡ್ 12 ಅಂತ ತೋರಿಸ್ತಿದೆ. ಅತ್ತೆಯ ಫೋನು ಹಳೇದು. ಎರಡರಲ್ಲೂ ವೈಫೈ ಚೆನ್ನಾಗಿ ಬರ್ತಿದೆ. ಪೇಟೆ ಅಂಗಡೀಲಿ ಕೇಳಿದ್ದಕ್ಕೆ ರೂಟರ್ ಹಿಂದೆ ಸಣ್ಣ ತೂತು ಇರುತ್ತೆ, ಪಿನ್ ಹಾಕಿ ಒತ್ತಿ ಹಿಡೀರಿ, ಎಲ್ಲಾ ಹೊಸದಾಗುತ್ತೆ ಅಂದ್ರು. ಒತ್ತೋಕೆ ನಂಗೆ ಧೈರ್ಯ ಬರ್ಲಿಲ್ಲ, ನೆಟ್ ಹೋದ್ರೆ ಫೋನೂ ಹೋದಂಗೆ ನಮ್ಮ ಮನೇಲಿ. ಕನೆಕ್ಟ್ ಆಗಿರೋ ಫೋನಿಂದಲೇ ಪಾಸ್‌ವರ್ಡ್ ನೋಡೋಕೆ ದಾರಿ ಇದ್ರೆ ಯಾರಾದ್ರೂ ಬಿಡಿಸಿ ಹೇಳ್ತೀರಾ.

---

ಸಾಗರದ ಮೇಷ್ಟ್ರು:

ಮೊದಲು ಡಬ್ಬಿಯ ತಳ ತಿರುಗಿಸಿ ನೋಡಿ ಅಂತ ಹೇಳೋಣ ಅಂದ್ಕೊಂಡೆ, ಸ್ಟಿಕ್ಕರ್ ಮೇಲೆ ವೈಫೈ ಹೆಸರು, ಕೀ ಅಂದ್ರೆ ಪಾಸ್‌ವರ್ಡ್ ಎರಡೂ ಪ್ರಿಂಟ್ ಆಗಿರುತ್ತೆ. ಆದ್ರೆ ನಿಮ್ಮ ಹುಡುಗ ಅದನ್ನ ಬದಲಾಯಿಸಿದ್ದಾನೆ ಅಂದ್ಮೇಲೆ ಅದು ನಡೆಯಲ್ಲ. ಆದ್ರೂ ಆ ಸ್ಟಿಕ್ಕರಿನ ಒಂದು ಫೋಟೋ ತೆಗೆದಿಟ್ಕೊಳ್ಳಿ, ರೂಟರ್ ಒಳಗಿನ ಪೇಜಿಗೆ ಹೋಗೋ ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಬಹಳಷ್ಟು ಡಬ್ಬಿಗಳಲ್ಲಿ ಅಲ್ಲೇ ಇರುತ್ತೆ, ಮಳೆಗಾಲದ ಶೀತಕ್ಕೆ ಸ್ಟಿಕ್ಕರ್ ಅಳಿಸಿ ಹೋಗೋದೂ ಉಂಟು.

---

ರಿಪೇರಿ ಟೇಬಲ್, ಶಿವಮೊಗ್ಗ:

ಅಕ್ಕ, ಪಿನ್ ಒತ್ತದೇ ಇದ್ದದ್ದು ಬಹಳ ಒಳ್ಳೇದಾಯ್ತು. ನಿಮಗೆ ಬೇಕಾದ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರೋ ಫೋನ್ ಒಳಗೇ ಇದೆ, ಇಲ್ದಿದ್ರೆ ಅದು ಪ್ರತಿ ಸಲ ತಾನೇ ಕನೆಕ್ಟ್ ಆಗ್ತಿರ್ಲಿಲ್ಲ. ಅದನ್ನ ಹೊರಗೆ ತೋರ್ಸು ಅಂತ ಕೇಳೋ ದಾರಿ ಮಾತ್ರ ಗೊತ್ತಿರ್ಬೇಕು ಅಷ್ಟೇ.

ಶುರು ಮಾಡೋ ಮೊದಲು ಒಂದು ಮಾತು, ಸೆಟ್ಟಿಂಗ್ಸಲ್ಲಿ ವೈಫೈ ಹೆಸರು ಒತ್ತಿದಾಗ ಫರ್ಗೆಟ್ ಅಂತ, ಫೋನ್ ಕನ್ನಡದಲ್ಲಿದ್ರೆ ಮರೆತುಬಿಡಿ ಅನ್ನೋ ಥರ ಒಂದು ಬಟನ್ ಕಾಣುತ್ತೆ, ಅದನ್ನ ಮಾತ್ರ ಮುಟ್ಟಬೇಡಿ. ಪಾಸ್‌ವರ್ಡ್ ಮರೆತೋಯ್ತು ಅಂತ ಹೇಳೋ ಬಟನ್ ಇರ್ಬೇಕು ಅಂದ್ಕೊಂಡು ಒತ್ತಿ ಬಂದವರನ್ನ ನಮ್ಮ ಟೇಬಲ್ ಮುಂದೆ ತುಂಬಾ ನೋಡಿದೀನಿ. ಅದು ಒತ್ತಿದ್ರೆ ಫೋನು ತನ್ನಲ್ಲಿರೋದನ್ನ ಅಳಿಸಿ ಹಾಕುತ್ತೆ, ಆಮೇಲೆ ಆ ಫೋನಿಂದ ಏನೂ ಸಿಗಲ್ಲ. ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಅಂತ ಇನ್ನೊಂದು ಇರುತ್ತೆ, ಅದೂ ಹಂಗೇ, ಸೇವ್ ಆಗಿರೋ ಎಲ್ಲಾ ವೈಫೈನೂ ಒಟ್ಟಿಗೆ ತೆಗೆದುಬಿಡುತ್ತೆ.

ಈಗ ದಾರಿ ಹೇಳ್ತೀನಿ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಈಚೆಗೆ ಫೋನಲ್ಲೇ ಇದಕ್ಕೆ ವ್ಯವಸ್ಥೆ ಇದೆ, ಯಾವ ಆಪೂ ಹಾಕ್ಕೊಳ್ಳೋದು ಬೇಡ. ಮನೇಲಿ ವೈಫೈ ಕನೆಕ್ಟ್ ಆಗಿರೋವಾಗ ಸೆಟ್ಟಿಂಗ್ಸ್, ಅಲ್ಲಿಂದ ವೈಫೈ. ನಿಮ್ಮದು ರೆಡ್ಮಿ ಆದ್ರಿಂದ ಕನೆಕ್ಟೆಡ್ ಅಂತ ಬರೆದಿರೋ ನಿಮ್ಮ ಮನೆ ವೈಫೈ ಹೆಸರಿನ ಮೇಲೆ ಒಂದು ಸಲ ಒತ್ತಿ, ಟ್ಯಾಪ್ ಟು ಶೇರ್ ಪಾಸ್‌ವರ್ಡ್ ಅಂತ ಬರುತ್ತೆ, ಬೆರಳಚ್ಚು ಅಥವಾ ಲಾಕ್ ನಂಬರ್ ಕೇಳುತ್ತೆ, ಕೊಡಿ, ಕಪ್ಪು ಬಿಳಿ ಚೌಕದ ಕ್ಯೂಆರ್ ಕೋಡ್ ತೆರೆ ಮೇಲೆ ಬರುತ್ತೆ. ಸ್ಯಾಮ್‌ಸಂಗ್ ಇದ್ದವ್ರು ಕನೆಕ್ಷನ್ಸ್, ವೈಫೈ, ಹೆಸರಿನ ಪಕ್ಕದ ಹಲ್ಲಿನ ಚಕ್ರದ ಗುರುತು ಒತ್ತಿ, ಕೆಳಗಡೆ ಕ್ಯೂಆರ್ ಕೋಡ್ ಅಂತ ಇರುತ್ತೆ. ಪಿಕ್ಸೆಲ್ ಥರದ ಫೋನುಗಳಲ್ಲಿ ಶೇರ್ ಅಂತ ಇರುತ್ತೆ, ಕನ್ನಡದಲ್ಲಿದ್ರೆ ಹಂಚಿಕೊಳ್ಳಿ. ಬೇರೆ ಕಂಪನಿ ಫೋನಲ್ಲಿ ಹೆಸರುಗಳು ಆಚೀಚೆ ಇರ್ಬಹುದು, ಆದ್ರೆ ವೈಫೈ ಹೆಸರು ಒತ್ತಿದ್ರೆ ಒಳಗೆ ಎಲ್ಲಾದ್ರೂ ಆ ಚೌಕದ ಚಿತ್ರ ಸಾಮಾನ್ಯವಾಗಿ ಕಾಣುತ್ತೆ.

ಪಿಕ್ಸೆಲಲ್ಲಿ ಕೋಡ್ ಕೆಳಗೆ ಪಾಸ್‌ವರ್ಡನ್ನೇ ಅಕ್ಷರದಲ್ಲಿ ತೋರಿಸುತ್ತೆ, ಅಂಥವರ ಕೆಲಸ ಅಲ್ಲಿಗೇ ಮುಗೀತು. ನಿಮ್ಮದರಲ್ಲಿ ಚಿತ್ರ ಮಾತ್ರ ಬರ್ಬಹುದು. ಬಂದ್ಮೇಲೆ ಹೇಳಿ, ಮುಂದಿಂದು ಹೇಳ್ತೀನಿ.

ಇನ್ನೊಂದು, ಹೊಸ ಫೋನಿಗೆ ವೈಫೈ ಕೊಡೋದಾದ್ರೆ ಪಾಸ್‌ವರ್ಡ್ ಗೊತ್ತಿರೋ ಅಗತ್ಯನೇ ಇಲ್ಲ. ಆ ಫೋನಿನ ಕ್ಯಾಮೆರಾ ತೆಗೆದು ಈ ಕೋಡ್ ಮೇಲೆ ಹಿಡಿದ್ರೆ ಸೀದಾ ಕನೆಕ್ಟ್ ಆಗುತ್ತೆ, ಐಫೋನೂ ಹಿಡಿಯುತ್ತೆ. ನಿಮಗೆ ಕ್ಯಾಮೆರಾ ಆಪಿಗೆ ಬೇಕಾಗಿರೋದ್ರಿಂದ ಅಕ್ಷರ ಬೇಕೇ ಬೇಕು, ಅದಕ್ಕೇ ಇಷ್ಟು ಸುತ್ತು.

---

ಫೈಬರ್ ಲೈನ್ ಕೆಲಸ, ತೀರ್ಥಹಳ್ಳಿ:

ರಿಪೇರಿ ಟೇಬಲ್ ಅಣ್ಣ ಹೇಳಿದ್ದಕ್ಕೆ ನಾನೊಂದು ಸೇರಿಸ್ಲೇಬೇಕು, ಆ ತೂತಿನ ವಿಷಯ. ಅಂಗಡಿಯವ್ರು ಸುಲಭಕ್ಕೆ ಹೇಳಿಬಿಡ್ತಾರೆ, ಅದರ ಕಷ್ಟ ಅನುಭವಿಸೋದು ಮನೆಯವ್ರು ಮತ್ತೆ ಲೈನ್ ನೋಡ್ಕೊಳ್ಳೋ ನಾವು. ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ವೈಫೈ ಪಾಸ್‌ವರ್ಡ್ ಒಂದೇ ಅಲ್ಲ ಹೋಗೋದು, ಡಬ್ಬಿ ಕಾರ್ಖಾನೆಯಿಂದ ಹೊರಗೆ ಬಂದಾಗ ಹೆಂಗಿತ್ತೋ ಹಂಗಾಗುತ್ತೆ. ಫೈಬರ್ ಡಬ್ಬಿ ಒಳಗೆ ನಿಮ್ಮ ಕನೆಕ್ಷನ್ನಿನ ಯೂಸರ್ ಐಡಿ, ಅದರದ್ದೇ ಬೇರೆ ಪಾಸ್‌ವರ್ಡ್, ಲೈನ್ ಗುರುತಿಸೋ ವಿಲ್ಯಾನ್ (VLAN) ನಂಬರ್, ಲ್ಯಾಂಡ್‌ಲೈನ್ ಫೋನ್ ಇದ್ರೆ ಅದರ ಸೆಟ್ಟಿಂಗ್ ಎಲ್ಲಾ ನಾವು ಕೂತು ಹಾಕಿರ್ತೀವಿ. ಕೆಲವು ಕಂಪನಿ ಡಬ್ಬಿಗೆ ಅವರ ಸರ್ವರಿಂದಲೇ ಎಲ್ಲಾ ವಾಪಸ್ ಬಂದು ಕೂರುತ್ತೆ, ಆದ್ರೆ ಹಳ್ಳಿ ಕಡೆ ನಾವು ಕೈಯಲ್ಲಿ ಸೆಟ್ ಮಾಡಿದ್ದು ಹೋದ್ರೆ ಹೋದಂಗೇ. ವೈಫೈ ಹೆಸರು ಕಾಣುತ್ತೆ, ಸ್ಟಿಕ್ಕರ್ ಮೇಲಿನ ಪಾಸ್‌ವರ್ಡ್ ಹಾಕಿದ್ರೆ ಕನೆಕ್ಟೂ ಆಗುತ್ತೆ, ನೆಟ್ ಮಾತ್ರ ಬರಲ್ಲ. ಆಗ ನಾವೇ ಬರ್ಬೇಕು ಇಲ್ಲಾ ಫೋನಲ್ಲಿ ಹೇಳಿ ಮಾಡಿಸ್ಬೇಕು, ನಿಮ್ಮಂಥ ಕಡೆ ನೆಟ್ ಇಲ್ದಿದ್ರೆ ಫೋನೇ ಬರಲ್ವಲ್ಲ ಮಾರಾಯ್ರೆ, ಹೇಳೋದಾದ್ರೂ ಹೆಂಗೆ. ಮಳೆಗಾಲದಲ್ಲಾದ್ರೆ ಎಲ್ಲೋ ಮರ ಬಿದ್ದು ಕಂಬದ ಮೇಲಿನ ಕೇಬಲ್ ಹರಿದಿರುತ್ತೆ, ಅದನ್ನ ಜಾಯಿಂಟ್ ಮಾಡೋದು ಬಿಟ್ಟು ಒಂದು ಮನೆ ರೀಸೆಟ್ಟಿಗೆ ಓಡಿ ಬರೋಕೂ ಆಗಲ್ಲ.

ಸ್ವಿಚ್ ಆಫ್ ಮಾಡಿ ಆನ್ ಮಾಡೋದು ಬೇರೆ, ಅದಕ್ಕೆ ಹೆದರೋದು ಬೇಡ. ಕರೆಂಟ್ ಹೋಗಿ ಬಂದಾಗ ಆಗೋದೂ ಅದೇ, ಏನೂ ಅಳಿಸಲ್ಲ.

ಫೋನಿಂದ ಪಾಸ್‌ವರ್ಡ್ ಬರ್ಲೇ ಇಲ್ಲ ಅಂತಾದ್ರೆ ರೂಟರ್ ಒಳಗೆ ಹೋಗಿ ನೋಡ್ಬಹುದು. ಕನೆಕ್ಟ್ ಆಗಿರೋ ಫೋನಲ್ಲಿ ಕ್ರೋಮ್ ತೆಗೆದು ಮೇಲೆ ಅಡ್ರೆಸ್ ಜಾಗದಲ್ಲಿ 192.168.1.1 ಅಂತ ಹಾಕಿ ನೋಡಿ, ಬಹಳಷ್ಟು ಡಬ್ಬಿಗೆ ಅದೇ, ಜಿಯೋ ಫೈಬರ್ ಆದ್ರೆ 192.168.29.1. ನಿಮ್ಮದು ಎರಡೂ ಅಲ್ಲ ಅಂದ್ರೆ ಫೋನಿನ ವೈಫೈ ವಿವರದಲ್ಲೇ ಗೇಟ್‌ವೇ ಅಂತ ಒಂದು ನಂಬರ್ ಇರುತ್ತೆ, ಅದನ್ನ ಹಾಕಿ. ಮೇಷ್ಟ್ರು ಹೇಳಿದ ಸ್ಟಿಕ್ಕರ್ ಮೇಲಿನ ಲಾಗಿನ್ ಕೊಟ್ರೆ ಒಳಗೆ ಬಿಡುತ್ತೆ. ಡಬ್ಲ್ಯೂಲ್ಯಾನ್ (WLAN) ಅಥವಾ ವೈರ್‌ಲೆಸ್ ಅಂತ ಇರೋ ಕಡೆ ಸೆಕ್ಯುರಿಟಿ ಒತ್ತಿ, ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿರುತ್ತೆ, ಪಕ್ಕದ ಕಣ್ಣಿನ ಗುರುತು ಒತ್ತಿದ್ರೆ ಕಾಣುತ್ತೆ. ಅಲ್ಲಿ ವ್ಯಾನ್ (WAN), ಅಂದ್ರೆ ಹೊರಗಿಂದ ಬರೋ ಲೈನಿನ ಸೆಟ್ಟಿಂಗ್, ಅಂತ ಬರೆದಿರೋ ಕಡೆ ಮಾತ್ರ ಕೈ ಹಾಕ್ಬೇಡಿ, ನಾನು ಮೇಲೆ ಹೇಳಿದ ಯೂಸರ್ ಐಡಿ ಎಲ್ಲಾ ಇರೋದು ಅಲ್ಲೇ.

---

ನಿಟ್ಟೂರು ಕಡೆಯವಳು:

ಅಯ್ಯೋ ಇಷ್ಟೊಂದು ವಿಷಯ ಉಂಟಾ ಒಂದು ತೂತಿನ ಹಿಂದೆ, ಒತ್ತದೇ ಬಚಾವಾದ್ವಿ. ರಿಪೇರಿ ಟೇಬಲ್ ಅಣ್ಣ, ನೀವು ಹೇಳಿದಂಗೇ ಮಾಡ್ದೆ, ಬೆರಳಿಟ್ಟ ತಕ್ಷಣ ಕೋಡ್ ಬಂತು. ಆದ್ರೆ ಬರೀ ಚಿತ್ರ, ಅಕ್ಷರ ಇಲ್ಲ. ಇನ್ನೊಂದು ಫೋನಲ್ಲಿ ಅದನ್ನ ಹಿಡಿಯೋಣ ಅಂದ್ರೆ ಅತ್ತೆ ಫೋನಿನ ಕ್ಯಾಮೆರಾ ಮಬ್ಬು, ಏನೂ ಹಿಡೀತಿಲ್ಲ. ಇದೇ ಫೋನಲ್ಲಿ ಓದಿಸೋಕೆ ಆಗುತ್ತಾ?

---

ರಿಪೇರಿ ಟೇಬಲ್, ಶಿವಮೊಗ್ಗ:

ಆಗುತ್ತೆ ಅಕ್ಕ, ಒಂದೇ ಫೋನ್ ಸಾಕು. ಕೋಡ್ ತೆರೆ ಮೇಲಿರೋವಾಗ ಸ್ಕ್ರೀನ್‌ಶಾಟ್ ತೆಗೀರಿ. ಆಮೇಲೆ ಗೂಗಲ್ ಫೋಟೋಸಲ್ಲಿ ಆ ಸ್ಕ್ರೀನ್‌ಶಾಟ್ ಓಪನ್ ಮಾಡಿದ್ರೆ ಲೆನ್ಸ್ ಅಂತ ಇರುತ್ತೆ, ಅದನ್ನ ಒತ್ತಿ. ಇಲ್ಲಾ ನಿಮ್ಮ ಫೋನಲ್ಲೇ ಸ್ಕ್ಯಾನರ್ ಅಂತ ಒಂದು ಆಪ್ ಇರುತ್ತೆ, ಅದರಲ್ಲಿ ಗ್ಯಾಲರಿಯಿಂದ ಫೋಟೋ ಆರಿಸಿದ್ರೂ ಆಯ್ತು. ಯಾವುದರಲ್ಲಿ ಮಾಡಿದ್ರೂ ಒಳಗಿರೋ ಬರಹ ಹೊರಗೆ ಬರುತ್ತೆ. ಪಾಸ್‌ವರ್ಡ್ ಅಂತ ಬೇರೆಯಾಗೇ ತೋರಿಸಿದ್ರೆ ಕಾಪಿ ಮಾಡ್ಕೊಳ್ಳಿ.

ಕೆಲವು ಸ್ಕ್ಯಾನರಲ್ಲಿ ಬಿಡಿಸಿ ತೋರಿಸಲ್ಲ, ಇಂಗ್ಲಿಷಲ್ಲಿ ಒಂದೇ ಉದ್ದ ಸಾಲು ಬರುತ್ತೆ, ನೋಡಿ ಗಾಬರಿ ಆಗ್ಬೇಡಿ. ವೈಫೈ ಅಂತ ಶುರುವಾಗುತ್ತೆ, ಟಿ ಅಕ್ಷರ ಮತ್ತೆ ಕೋಲನ್ ಆದ್ಮೇಲೆ ಡಬ್ಲ್ಯೂಪಿಎ ಅಂತಿರುತ್ತೆ, ಅದು ಲಾಕಿನ ಜಾತಿ. ಎಸ್ ಮತ್ತೆ ಕೋಲನ್ ಆದ್ಮೇಲೆ ಬರೋದು ನಿಮ್ಮ ವೈಫೈ ಹೆಸರು. ಪಿ ಮತ್ತೆ ಕೋಲನ್ ಆದ್ಮೇಲಿಂದ ಮುಂದಿನ ಸೆಮಿಕೋಲನ್ ತನಕ ಏನಿದೆಯೋ ಅದೇ ನಿಮ್ಮ ಪಾಸ್‌ವರ್ಡ್. ಈ ಮೂರೂ ಹಿಂದೆ ಮುಂದೆ ಇರ್ಬಹುದು, ನೀವು ಪಿ ಹುಡುಕಿ. ಆ ಸೆಮಿಕೋಲನ್ ಪಾಸ್‌ವರ್ಡಿಗೆ ಸೇರಿಲ್ಲ, ಅದನ್ನೂ ಸೇರಿಸಿ ಟೈಪ್ ಮಾಡಿ ತಪ್ಪು ಅಂತ ಬಂತು ಅನ್ನೋರು ಜಾಸ್ತಿ. ಮಧ್ಯ ಎಲ್ಲಾದ್ರೂ ಹಿಂದಕ್ಕೆ ವಾಲಿದ ಗೆರೆ, ಬ್ಯಾಕ್‌ಸ್ಲ್ಯಾಶ್ ಕಂಡ್ರೆ ಅದನ್ನೂ ಬಿಡ್ಬೇಕು, ಅದರ ಮುಂದಿನ ಚಿಹ್ನೆ ಮಾತ್ರ ತಗೋಬೇಕು. ಪಾಸ್‌ವರ್ಡ್ ಒಳಗೇ ಸೆಮಿಕೋಲನ್, ಕಾಮಾ, ಕೋಲನ್ ಥರದ್ದು ಇದ್ರೆ ಗಲಿಬಿಲಿ ಆಗ್ದಂಗೆ ಕೋಡು ಅದರ ಹಿಂದೆ ಈ ಗೆರೆ ಹಾಕಿರುತ್ತೆ.

ಕೈಯಲ್ಲಿ ಟೈಪ್ ಮಾಡೋದಾದ್ರೆ ದೊಡ್ಡಕ್ಷರ ಚಿಕ್ಕಕ್ಷರ ಹೆಂಗಿದೆಯೋ ಹಂಗೇ ಇರ್ಬೇಕು, ಸೊನ್ನೆಗೂ ಓ ಅಕ್ಷರಕ್ಕೂ, ಒಂದಕ್ಕೂ ಚಿಕ್ಕ ಎಲ್‌ಗೂ ಕಣ್ಣು ಮೋಸ ಹೋಗುತ್ತೆ, ಅದಕ್ಕೆ ಕಾಪಿ ಮಾಡೋದೇ ಒಳ್ಳೇದು. ಮತ್ತೆ ಡಬ್ಲ್ಯೂಪಿಎ ಪಾಸ್‌ವರ್ಡ್ 8 ಅಕ್ಷರಕ್ಕಿಂತ ಕಡಿಮೆ ಇರೋಕೆ ಸಾಧ್ಯನೇ ಇಲ್ಲ, ನಿಮಗೆ ಸಿಕ್ಕಿದ್ದು ಆರೇಳಕ್ಷರ ಇದ್ರೆ ಎಲ್ಲೋ ತುಂಡಾಗಿದೆ ಅಂತ ತಿಳ್ಕೊಳ್ಳಿ.

ಕೆಲಸ ಆದ್ಮೇಲೆ ಸ್ಕ್ರೀನ್‌ಶಾಟ್ ಡಿಲೀಟ್ ಮಾಡಿ, ಇದು ಮುಖ್ಯ. ಆ ಚಿತ್ರ ಯಾರ ಕೈಗೆ ಸಿಕ್ಕಿದ್ರೂ ಪಾಸ್‌ವರ್ಡ್ ಸಿಕ್ಕಂಗೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕೋದು, ಕ್ಯೂಆರ್ ಓದಿಕೊಡ್ತೀವಿ ಅನ್ನೋ ಯಾವುದೋ ವೆಬ್‌ಸೈಟಿಗೆ ಅಪ್‌ಲೋಡ್ ಮಾಡೋದು ಬೇಡವೇ ಬೇಡ.

---

ನಿಟ್ಟೂರು ಕಡೆಯವಳು:

ಬಂತು ಅಣ್ಣಾ!! ಉದ್ದ ಸಾಲೇ ಬಂತು, ಪಿ ಆದ್ಮೇಲಿನದ್ದು ಕಾಪಿ ಮಾಡ್ಕೊಂಡೆ. ಡೈರಿಲೂ ಬರೆದಿಟ್ಟೆ. ಆದ್ರೆ ಕ್ಯಾಮೆರಾ ಆಪಲ್ಲಿ ಹಾಕಿದ್ರೆ ಕನೆಕ್ಟಿಂಗ್ ಕನೆಕ್ಟಿಂಗ್ ಅಂತ ಸುತ್ತಿ ಕೊನೆಗೆ ಫೇಲ್ಡ್ ಅನ್ನುತ್ತೆ. ಪಾಸ್‌ವರ್ಡ್ ಸರಿ ಇದೆ, ಯಜಮಾನ್ರ ಫೋನಲ್ಲಿ ಅದನ್ನೇ ಹಾಕಿ ನೋಡಿದ್ವಿ, ಕನೆಕ್ಟ್ ಆಯ್ತು. ಇನ್ನೇನಿರ್ಬಹುದು?

---

ಫೈಬರ್ ಲೈನ್ ಕೆಲಸ, ತೀರ್ಥಹಳ್ಳಿ:

ನಿಮ್ಮ ಡಬ್ಬಿಯಿಂದ ಎರಡು ಹೆಸರು ಬರ್ತಿದ್ಯಾ ನೋಡಿ ಅಕ್ಕ, ಒಂದಕ್ಕೆ ಕೊನೇಲಿ 5ಜಿ ಅಂತ ಸೇರಿರುತ್ತೆ. ಅದು ಮೊಬೈಲ್ 5ಜಿ ಅಲ್ಲ, 5 ಗಿಗಾಹರ್ಟ್ಸ್ ವೈಫೈ. ಈ ಮನೆ ಕ್ಯಾಮೆರಾಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯೋದು, ಕ್ಯಾಮೆರಾ ಬಂದ ಪೆಟ್ಟಿಗೆ ಮೇಲೆ ಬರೆದಿರುತ್ತೆ. ಆಪಲ್ಲಿ 5ಜಿ ಹೆಸರು ಆರಿಸಿದ್ರೆ ಪಾಸ್‌ವರ್ಡ್ ಎಷ್ಟು ಸರಿ ಇದ್ರೂ ಫೇಲ್ಡ್ ಅಂತಲೇ ಬರುತ್ತೆ. ಫೋನನ್ನ ಇನ್ನೊಂದು ಹೆಸರಿಗೆ ಕನೆಕ್ಟ್ ಮಾಡ್ಕೊಂಡು ಆಮೇಲೆ ಕ್ಯಾಮೆರಾ ಸೇರಿಸಿ. ಎರಡಕ್ಕೂ ಪಾಸ್‌ವರ್ಡ್ ಒಂದೇ ಇರ್ಬೇಕು ಅಂತಿಲ್ಲ, ಬೇರೆ ಇದ್ರೆ ಅದರದ್ದೂ ಕೋಡ್ ತೆಗೆದು ಓದಿಸಿ.

ಹೆಂಗೂ ಅಂಗಳಕ್ಕೆ 2.4 ಆಗೋದೇ ಒಳ್ಳೇದು. ನಮ್ಮ ಕಡೆ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ ದಾಟಿ 5 ಹೊರಗೆ ಬರೋದು ಕಷ್ಟ, 2.4 ನಿಧಾನ ಆದ್ರೂ ದೂರ ಹೋಗುತ್ತೆ.

ಡೈರಿಲಿ ಪಾಸ್‌ವರ್ಡ್ ಜೊತೆ ವೈಫೈ ಹೆಸರೂ ಅಕ್ಷರ ತಪ್ಪದಂಗೆ ಬರೆದಿಡಿ. ಏಪ್ರಿಲ್ ಮೇ ಗುಡುಗು ಸಿಡಿಲಿಗೆ ಅಡಾಪ್ಟರ್ ದಾರೀಲಿ ಬಂದು ಎಷ್ಟೋ ಡಬ್ಬಿ ಸುಟ್ಟು ಹೋಗುತ್ತೆ, ಹೊಸ ಡಬ್ಬಿ ಹಾಕಿದಾಗ ಅದೇ ಹೆಸರು ಅದೇ ಪಾಸ್‌ವರ್ಡ್ ಕೊಟ್ಟುಬಿಟ್ರೆ ಮನೆ ಫೋನು, ಟೀವಿ, ಕ್ಯಾಮೆರಾ ಎಲ್ಲಾ ತಾವೇ ಬಂದು ಸೇರ್ಕೊಳ್ತಾವೆ, ಒಂದೊಂದಕ್ಕೂ ಮತ್ತೆ ಹಾಕೋ ಕೆಲಸ ತಪ್ಪುತ್ತೆ.

---

ಕೊಪ್ಪದಿಂದ ವರ್ಕ್ ಫ್ರಂ ಹೋಮ್:

ಐಫೋನ್ ಇದ್ದವರಿಗೆ ಯಾರೂ ಹೇಳಿಲ್ಲ ಅಂತ ಬರೀತಿದೀನಿ. 2022ರಲ್ಲಿ ಬಂದ ಐಓಎಸ್ 16ರಿಂದ ಈಚೆಗೆ ಇದು ಇನ್ನೂ ಸುಲಭ. ಸೆಟ್ಟಿಂಗ್ಸ್, ವೈಫೈ, ಹೆಸರಿನ ಪಕ್ಕ ವೃತ್ತದೊಳಗಿನ ಐ ಒತ್ತಿ, ಪಾಸ್‌ವರ್ಡ್ ಅನ್ನೋ ಸಾಲು ಮುಟ್ಟಿ, ಮುಖ ತೋರಿಸಿದ್ರೆ ಅಕ್ಷರದಲ್ಲೇ ಬರುತ್ತೆ. ಈಗ ಆ ಜಾಗದಲ್ಲಿಲ್ಲ, ಬೆಂಗಳೂರಿನ ರೂಮಿನ ವೈಫೈ ಪಾಸ್‌ವರ್ಡ್ ಊರಲ್ಲಿ ಕೂತು ಬೇಕು ಅಂದ್ರೂ ಸಿಗುತ್ತೆ, ವೈಫೈ ಪೇಜಿನ ಮೇಲ್ಗಡೆ ಎಡಿಟ್ ಒತ್ತಿದ್ರೆ ಹಿಂದೆ ಕನೆಕ್ಟ್ ಆಗಿದ್ದೆಲ್ಲಾ ಪಟ್ಟಿ ಬರುತ್ತೆ. ಐಓಎಸ್ 18 ಇದ್ರೆ ಪಾಸ್‌ವರ್ಡ್ಸ್ ಅಂತ ಆಪೇ ಇದೆ, ಅದರಲ್ಲಿ ವೈಫೈಗೆ ಬೇರೆ ಜಾಗ ಮಾಡಿದ್ದಾರೆ. ಆಂಡ್ರಾಯ್ಡಲ್ಲೂ ಸೇವ್ಡ್ ನೆಟ್‌ವರ್ಕ್ಸ್ ಒಳಗೆ ಹೋದ್ರೆ ಬಹಳಷ್ಟು ಫೋನಲ್ಲಿ ಹಳೇ ವೈಫೈ ಕೋಡ್ ತೆಗೀಬಹುದು.

---

ರಿಪ್ಪನ್‌ಪೇಟೆ ಪಿಯು ಸ್ಟೂಡೆಂಟ್:

ಅಣ್ಣ ನನ್ನ ಫೋನು ಆಂಡ್ರಾಯ್ಡ್ 8, ಅಪ್ಪಂದು ಮುಂಚೆ, ಈಗ ನಂಗೆ ಕೊಟ್ಟಿದ್ದಾರೆ. ಇದರಲ್ಲಿ ಶೇರ್ ಅಂತ ಎಲ್ಲೂ ಇಲ್ಲ. ಪ್ಲೇ ಸ್ಟೋರಲ್ಲಿ ವೈಫೈ ಪಾಸ್‌ವರ್ಡ್ ಶೋ ಮಾಡುತ್ತೆ ಅಂತ ತುಂಬಾ ಆಪ್ ಇದೆ, ಪಕ್ಕದ ಮನೆಯವರ ವೈಫೈದೂ ಬರುತ್ತೆ ಅಂತ ಒಂದರಲ್ಲಿ ಬರೆದಿದ್ದಾರೆ, ಹಾಕ್ಕೊಳ್ಳಬಹುದಾ?

---

ರಿಪೇರಿ ಟೇಬಲ್, ಶಿವಮೊಗ್ಗ:

ಬೇಡ ತಮ್ಮ. ಆಂಡ್ರಾಯ್ಡ್ 9 ಮತ್ತೆ ಅದಕ್ಕಿಂತ ಹಳೇದರಲ್ಲಿ ಪಾಸ್‌ವರ್ಡ್ ಇರೋದು ಸಿಸ್ಟಮ್ ಒಳಗಿನ ಒಂದು ಫೈಲಲ್ಲಿ, ಅಲ್ಲಿಗೆ ಹೊರಗಿನ ಆಪ್ ಹೋಗೋಕೆ ಬಿಡಲ್ಲ. ಫೋನ್ ರೂಟ್ ಮಾಡಿದ್ರೆ, ಅಂದ್ರೆ ಕಂಪನಿ ಹಾಕಿದ ಬೀಗ ತೆಗೆದು ಸಿಸ್ಟಮ್ ಪೂರ್ತಿ ನಮ್ಮ ಕೈಗೆ ತಗೊಂಡ್ರೆ ಮಾತ್ರ ಸಾಧ್ಯ. ರೂಟ್ ಮಾಡೋಕೆ ಬೂಟ್‌ಲೋಡರ್, ಅಂದ್ರೆ ಫೋನ್ ಆನ್ ಆಗುವಾಗ ಮೊದಲು ಓಡೋ ಪ್ರೋಗ್ರಾಂ, ಅನ್‌ಲಾಕ್ ಮಾಡ್ಬೇಕು, ಹಂಗೆ ಮಾಡುವಾಗ ಸಾಮಾನ್ಯವಾಗಿ ಫೋನಿನ ಡೇಟಾ ಪೂರ್ತಿ ಅಳಿಸುತ್ತೆ, ಆ ಪಾಸ್‌ವರ್ಡೂ ಅದರ ಜೊತೆಗೇ ಹೋಗುತ್ತೆ, ಹಾಗಾಗಿ ಅದರಿಂದ ಉಪಯೋಗ ಇಲ್ಲ. ರೂಟ್ ಬೇಡ, ಒಂದೇ ಒತ್ತಿಗೆ ತೋರಿಸ್ತೀವಿ ಅನ್ನೋ ಆಪ್‌ಗಳು ಸುಳ್ಳು ಹೇಳ್ತಾವೆ. ಜಾಹೀರಾತು ತೋರಿಸೋದು, ಕಾಂಟ್ಯಾಕ್ಟು ಲೊಕೇಶನ್ ಪರ್ಮಿಶನ್ ಕೇಳೋದು, ಅವುಗಳ ಕೆಲಸ ಅಷ್ಟೇ. ಕೆಲವು ಆಪ್ ಬೇರೆಯವರು ಹಂಚಿಕೊಂಡ ಪಾಸ್‌ವರ್ಡ್ ಕೂಡಿಟ್ಟು ತೋರಿಸ್ತಾವೆ, ಅಂಥದ್ದು ಹಾಕ್ಕೊಂಡ್ರೆ ನಿಮ್ಮ ಮನೆ ಪಾಸ್‌ವರ್ಡೂ ಅದರೊಳಗೆ ಹೋಗೋ ಅಪಾಯ ಇದೆ.

ಪಕ್ಕದ ಮನೆ ವೈಫೈ ವಿಷಯ ನೇರವಾಗಿ ಹೇಳ್ತೀನಿ. ಕೇಳದೇ ಒಳಗೆ ನುಗ್ಗೋದು 2000ದ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಕೆಳಗೆ ಅಪರಾಧ, 3 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಆಗ್ಬಹುದು. ಓದೋಕೆ ನೆಟ್ ಬೇಕು ಅಂದ್ರೆ ಅಪ್ಪನ್ನ ಕರ್ಕೊಂಡು ಹೋಗಿ ಅವರನ್ನೇ ಕೇಳಿ, ನಮ್ಮ ಊರುಗಳಲ್ಲಿ ಓದೋ ಹುಡುಗರಿಗೆ ಇಲ್ಲ ಅನ್ನೋರು ಕಡಿಮೆ.

ನಿಮ್ಮ ಮನೆ ವೈಫೈದೇ ಪಾಸ್‌ವರ್ಡ್ ಬೇಕಾದ್ರೆ ಹಳೇ ಫೋನಿಂದಲೂ ದಾರಿ ಇದೆ. ಅದು ಕನೆಕ್ಟ್ ಆಗಿದೆಯಲ್ಲ, ಅದರಲ್ಲೇ ಕ್ರೋಮ್ ತೆಗೆದು ಮೇಲೆ ಫೈಬರ್ ಅಣ್ಣ ಹೇಳಿದ ನಂಬರ್ ಹಾಕು, ರೂಟರ್ ಪೇಜಿಗೆ ಫೋನು ಹಳೇದಾ ಹೊಸದಾ ಅನ್ನೋದು ಲೆಕ್ಕಕ್ಕಿಲ್ಲ. ಮನೇಲಿ ಯಾರದ್ದಾದ್ರೂ ವಿಂಡೋಸ್ ಲ್ಯಾಪ್‌ಟಾಪ್ ಅದೇ ವೈಫೈಗೆ ಕನೆಕ್ಟ್ ಆಗಿದ್ರೆ ಇನ್ನೂ ಸಲೀಸು, ಕಂಟ್ರೋಲ್ ಪ್ಯಾನೆಲಲ್ಲಿ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ವೈಫೈ ಹೆಸರು, ವೈರ್‌ಲೆಸ್ ಪ್ರಾಪರ್ಟೀಸ್, ಸೆಕ್ಯುರಿಟಿ, ಅಲ್ಲಿ ಶೋ ಕ್ಯಾರೆಕ್ಟರ್ಸ್ ಅಂತ ಇರೋ ಚೌಕಕ್ಕೆ ಟಿಕ್ ಹಾಕಿದ್ರೆ ಪಾಸ್‌ವರ್ಡ್ ಕಾಣುತ್ತೆ. ರೂಟರ್ ಪೇಜಲ್ಲಿ ಲಾಗಿನ್ ತಗೊಳ್ಳಿಲ್ಲ ಅಂದ್ರೆ ಸುಮ್ಮನೆ ಊಹೆ ಮಾಡಿ ಮೇಲಿಂದ ಮೇಲೆ ಹಾಕ್ಬೇಡ, ಕೆಲವು ಡಬ್ಬಿ ಸ್ವಲ್ಪ ಹೊತ್ತು ಲಾಕ್ ಆಗುತ್ತೆ. ಲೈನ್ ಹಾಕಿದವರಿಗೆ ಫೋನ್ ಮಾಡಿ ಲಾಗಿನ್ ಏನು ಇಟ್ಟಿದ್ದಾರೆ ಕೇಳು, ಡಬ್ಬಿ ಮಾಡೆಲ್ ನಂಬರ್ ಕೈಯಲ್ಲಿ ಹಿಡ್ಕೊಂಡೇ ಫೋನ್ ಮಾಡು, ಅವರು ಮೊದಲು ಅದನ್ನೇ ಕೇಳೋದು.